ಶ್ರಾವಕನಿಗೆ ಅಪ್ರಮಾದವೇ ವ್ರತ

(ಬಸದಿಯ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಕುದುರೆಮುಖದ ತಪ್ಪಲಿನ ಈ ನಾಡು ಜಿನಧರ್ಮಕ್ಕೆ ಹೊಸದಲ್ಲ. ಕಳಸ ಮತ್ತು ಕಾರ್ಕಳಗಳಿಂದ ಆಳಿದ ಭೈರರಸರು ಘಟ್ಟದ ಮೇಲೂ ಕೆಳಗೂ ಬಸದಿಗಳನ್ನು ಪೋಷಿಸಿದರು. ಆ ವಂಶದ ವೀರಪಾಂಡ್ಯನು 1432ರಲ್ಲಿ ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿ ಸ್ವಾಮಿಯನ್ನು ಪ್ರತಿಷ್ಠಾಪಿಸಿದನು. ಅದೇ ಮನೆತನದ ಕಾಳಲದೇವಿಯು 1530ರಲ್ಲಿ ಬಗುಂಜಿ ಸೀಮೆಯ ಕಲ್ಲಬಸದಿಯ ಪಾರ್ಶ್ವನಾಥ ಸ್ವಾಮಿಗೆ ದತ್ತಿ ಬಿಟ್ಟಳು. ಅರಸರು ಹೋದರು, ಅರಮನೆಗಳು ಮಣ್ಣಾದವು. ಆದರೂ ಧರ್ಮ ಉಳಿಯಿತು. ಅದನ್ನು ಶಿಲೆಗಳಷ್ಟೇ ಉಳಿಸಲಿಲ್ಲ. ಮನೆಮನೆಗಳಲ್ಲಿ ತಾಯಂದಿರು ದಿನವೂ ತಪ್ಪದೆ ನಡೆಸಿಕೊಂಡು ಬಂದ ಸಣ್ಣ ಸಣ್ಣ ನಿಯಮಗಳೂ ಉಳಿಸಿದವು. ಅಂತಹ ನಿಯಮವೊಂದನ್ನು ಮರೆತು, ಮತ್ತೆ ನೆನೆದ ಶ್ರಾವಕನೊಬ್ಬನ ವೃತ್ತಾಂತವನ್ನು ಇಂದು ಸಭೆಯ ಮುಂದಿಡುವುದು ಉಚಿತವೆನಿಸುತ್ತದೆ. ಅವನ ಹೆಸರು ಇಲ್ಲಿ ಮುಖ್ಯವಲ್ಲ.

ಕಳಸದ ಕಡೆಯ ಆ ಶ್ರಾವಕನದು ದಿನಸಿ ಅಂಗಡಿ. ಜೊತೆಗೆ ಸ್ವಲ್ಪ ಕಾಫಿ, ಮೆಣಸು, ಏಲಕ್ಕಿಗಳ ವ್ಯಾಪಾರ. ಅವನ ಬಾಲ್ಯದ ಮನೆಯಲ್ಲಿ ತಾಯಿಯು ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆಯ ಬಿಳಿಯ ಬಟ್ಟೆಯಲ್ಲಿ ಸೋಸುತ್ತಿದ್ದರು. ಬಳಿಕ ಆ ಬಟ್ಟೆಯನ್ನು ಸೋಸಿದ ನೀರಿನಿಂದಲೇ ತೊಳೆದು, ತೊಳೆದ ನೀರನ್ನು ಮೆಲ್ಲನೆ ಅದೇ ಬಾವಿಗೆ ಇಳಿಸುತ್ತಿದ್ದರು. "ನಮ್ಮ ಬಾಯಾರಿಕೆಗಾಗಿ ಅವು ಮನೆ ಬಿಟ್ಟು ಬಂದಿವೆ ಮಗಾ, ಮರಳಿ ಮನೆ ಸೇರಿಸುವುದು ನಮ್ಮ ಕೆಲಸ" ಎಂಬುದು ಅವರ ಮಾತು. ಸೂರ್ಯಾಸ್ತಕ್ಕೆ ಮೊದಲೇ ಮನೆಯವರೆಲ್ಲರ ಊಟ ಮುಗಿಯುತ್ತಿತ್ತು. ಮಳೆಗಾಲದಲ್ಲಿ ಇನ್ನೂ ಒಂದು ನಿಯಮವಿತ್ತು. ತೋಟ ತಿರುಗಿ ಬಂದ ಮಕ್ಕಳನ್ನು ಜಗಲಿಯ ಮೇಲೆ ಸಾಲಾಗಿ ಕೂರಿಸಿ, ಕಾಲು ತೊಳೆಸಿ, ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು. ಇಂಬಳ ಕಂಡರೆ ಉಪ್ಪು ಸುರಿಯುತ್ತಿರಲಿಲ್ಲ, ಬೆಂಕಿ ತಾಗಿಸುತ್ತಿರಲಿಲ್ಲ. ಉಗುರಿನಿಂದ ಮೆಲ್ಲನೆ ಜಾರಿಸಿ ಹುಲ್ಲಿನ ಮೇಲೆ ಬಿಡುತ್ತಿದ್ದರು. ಮಗುವಿನ ಕಾಲೂ ಉಳಿಯಬೇಕು, ಇಂಬಳದ ಜೀವವೂ ಉಳಿಯಬೇಕು. ಆ ತಾಯಿ ಶಾಸ್ತ್ರ ಓದಿದವರಲ್ಲ. ಆದರೆ ಶಾಸ್ತ್ರವು ಅಪ್ರಮಾದವೆಂದು ಯಾವುದನ್ನು ಕರೆಯುತ್ತದೆಯೋ ಅದು ಅವರ ಕೈಯಲ್ಲಿತ್ತು.

ಕಾಲ ಬದಲಾಯಿತು. ಕುದುರೆಮುಖದಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾಗಿ, ಕಾಡಿನ ನಡುವೆ ಪಟ್ಟಣವೊಂದು ಎದ್ದಿತು. ಮಗನ ವ್ಯಾಪಾರವೂ ಬೆಳೆಯಿತು. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಭದ್ರೆ ಹುಟ್ಟುವ ಬೆಟ್ಟಗಳಿಗೆ ಅದರಿಂದ ಒಳಿತಾಯಿತು. ಆದರೆ ಪಟ್ಟಣ ಬರಿದಾದಾಗ ಗಿರಾಕಿಗಳೂ ಹೊರಟುಹೋದರು. ಬಾಕಿ ವಸೂಲಿ, ಸಾಲದ ಚಿಂತೆಗಳಲ್ಲಿ ಅವನ ವರ್ಷಗಳು ಕಳೆದವು. ಆ ನಡುವೆ ಸಕ್ಕರೆ ಕಾಯಿಲೆಯೂ ಬಂದು ಸೇರಿತು.

ಧರ್ಮಕಾರ್ಯದಲ್ಲಿ ಅವನು ಹಿಂದೆ ಬಿದ್ದವನಲ್ಲ. ಅಷ್ಟಮಿ ಚತುರ್ದಶಿಗಳ ಉಪವಾಸ ತಪ್ಪಿಸಲಿಲ್ಲ. ಊರಿನ ಬಸದಿಯ ಜೀರ್ಣೋದ್ಧಾರಕ್ಕೆ ಮಳೆಯಲ್ಲಿ ತೋಟದಿಂದ ತೋಟಕ್ಕೆ ನಡೆದು ದೇಣಿಗೆ ಕೂಡಿಸಿದನು. ಉಪವಾಸದ ದಿನ ಮಾತ್ರೆ ನುಂಗಿದರೆ ವ್ರತಭಂಗವೆಂದು ತಾನೇ ತೀರ್ಮಾನಿಸಿಕೊಂಡನು. ವೈದ್ಯರನ್ನೂ ಕೇಳಲಿಲ್ಲ, ಗುರುಗಳನ್ನೂ ಕೇಳಲಿಲ್ಲ. ಮನೆಯವರು ಎಚ್ಚರಿಸಿದರೆ, "ದೇಹ ಹೇಗೂ ಬಿಟ್ಟುಹೋಗುವುದು, ಅದರ ಮೋಹವೇಕೆ?" ಎನ್ನುತ್ತಿದ್ದನು. ಕೇಳಿದವರಿಗೆ ಅದು ವೈರಾಗ್ಯದ ಮಾತಾಗಿ ಕಾಣುತ್ತಿತ್ತು.

ಒಂದು ಶ್ರಾವಣದಲ್ಲಿ ಮೊಮ್ಮಗಳು ಪರೀಕ್ಷೆಗೆ ಹೊರಡುವ ಮುನ್ನ ಅಜ್ಜನ ಪಾದಕ್ಕೆ ನಮಸ್ಕರಿಸಲು ಬಾಗಿದಳು. ಬಾಗಿದವಳು ಏಳಲಿಲ್ಲ. "ಅಜ್ಜಾ, ನಿಮ್ಮ ಬೆರಳು ಕಪ್ಪಾಗಿದೆಯಲ್ಲ, ನೋಯುವುದಿಲ್ಲವೇ?" ಎಂದು ಕೇಳಿದಳು. ಇಂಬಳ ಕಚ್ಚಿದ ಜಾಗವನ್ನು ತುರಿಸಿ ಹುಣ್ಣಾಗಿ, ಒಳಗೊಳಗೇ ಕೊಳೆತಿತ್ತು. ಆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಂದುವುದರಿಂದ ನೋವೇ ತಿಳಿದಿರಲಿಲ್ಲ. ಘಟ್ಟ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಇನ್ನೊಂದು ವಾರ ತಡವಾಗಿದ್ದರೆ ಕಾಲೇ ಉಳಿಯುತ್ತಿರಲಿಲ್ಲವೆಂದು ವೈದ್ಯರು ಹೇಳಿದರು.

ಆಸ್ಪತ್ರೆಯ ಮಂಚದ ಮೇಲೆ ಅವನಿಗೆ ನೆನಪಾದದ್ದು ಬಾಲ್ಯದ ಮನೆಯ ಜಗಲಿ. ಅಂಗಡಿಯ ತಕ್ಕಡಿಯಲ್ಲಿ ಗುಲಗಂಜಿ ತೂಕದ ವ್ಯತ್ಯಾಸವನ್ನು ಗುರುತಿಸುತ್ತಿದ್ದ ಕಣ್ಣು ತನ್ನದೇ ಪಾದವನ್ನು ತಿಂಗಳುಗಟ್ಟಲೆ ನೋಡಿರಲಿಲ್ಲ. ನಡೆವ ದಾರಿಯಲ್ಲಿ ಇರುವೆ ಸಾಯಬಾರದೆಂದು ನೆಲ ನೋಡಿ ನಡೆದವನು, ನಡೆಯುವ ಕಾಲನ್ನೇ ಮರೆತಿದ್ದನು. ತಾಯಿ ದಿನವೂ ಸಂಜೆ ಮಾಡುತ್ತಿದ್ದ ಕೆಲಸವನ್ನು ಮುಂದುವರಿಸುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅವರ ಭಾವಚಿತ್ರಕ್ಕೆ ಮಾತ್ರ ಹಾರ ತಪ್ಪಿರಲಿಲ್ಲ.

ಧರ್ಮಬಂಧುಗಳೇ, ಇದನ್ನು ಒಬ್ಬನ ದುರದೃಷ್ಟವೆಂದು ಕೈಬಿಡಬಾರದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಹೇಳಿದ್ದಾರೆ. ಅಜಾಗರೂಕತೆಯೇ ಹಿಂಸೆಯ ಬೇರು ಎಂಬುದು ಇದರ ತಾತ್ಪರ್ಯ. ಮುನಿಗಳ ಐದು ಸಮಿತಿಗಳಾದರೂ ಏನು? ನಡೆಯುವಾಗ, ನುಡಿಯುವಾಗ, ಆಹಾರ ಸ್ವೀಕರಿಸುವಾಗ, ವಸ್ತುವನ್ನು ಎತ್ತಿ ಇಡುವಾಗ, ಮಲಮೂತ್ರಗಳನ್ನು ವಿಸರ್ಜಿಸುವಾಗ ಎಚ್ಚರದಿಂದಿರುವುದು. ಗುಣಸ್ಥಾನಗಳಲ್ಲಿ 6ನೆಯದು ಪ್ರಮತ್ತಸಂಯತ, 7ನೆಯದು ಅಪ್ರಮತ್ತಸಂಯತ. ಮಹಾವ್ರತಿಗಳಿಗೂ ಈ ಒಂದು ಮೆಟ್ಟಿಲನ್ನು ಏರುವುದು ಕಷ್ಟವೆಂದ ಮೇಲೆ ಗೃಹಸ್ಥರ ಪಾಡೇನು?

ದೇಹರಕ್ಷಣೆಯು ದೇಹಮೋಹವಾಗುವುದಿಲ್ಲವೇ ಎಂಬ ಪ್ರಶ್ನೆ ಸಹಜವಾದದ್ದು. ಆದರೆ ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ರೋಗಿಗಳಾದ ಸಂಯಮಿಗಳ ಸೇವೆಯೇ ಅಲ್ಲಿ ತಪಸ್ಸು. ನಾಲ್ಕು ದಾನಗಳಲ್ಲಿ ಔಷಧದಾನವೂ ಸೇರಿದೆ. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ, ಎರಡಕ್ಕೂ ಶಕ್ತಿಗೆ ಅನುಸಾರವಾಗಿ ಎಂಬ ಮಾತನ್ನು ಆಚಾರ್ಯರು ಸೇರಿಸಿದ್ದಾರೆ. ಶಕ್ತಿಯನ್ನು ಅಡಗಿಸುವುದು ಹೇಗೆ ದೋಷವೋ, ಶಕ್ತಿಯನ್ನು ಅರಿಯದೆ ಮೀರುವುದೂ ಹಾಗೆಯೇ ದೋಷ. ಸಲ್ಲೇಖನವು ಕೂಡ ಗುರುಗಳ ಅನುಮತಿಯಿಂದ ಪೂರ್ಣ ಎಚ್ಚರದಲ್ಲಿ ಕೈಗೊಳ್ಳುವ ವ್ರತ. ಅಸಡ್ಡೆಯಿಂದ ಕೊಳೆತ ಗಾಯಕ್ಕೆ ವೈರಾಗ್ಯದ ಹೆಸರು ಸಲ್ಲದು. ಇದನ್ನು ಆ ಶ್ರಾವಕನೇ ಒಪ್ಪಿಕೊಂಡನು. "ದೇಹವನ್ನು ಲೆಕ್ಕಿಸದವನು ಎಂಬ ಹೊಗಳಿಕೆಯ ಮೋಹ ನನಗಿತ್ತು" ಎಂದು ಮಗನ ಮುಂದೆ ಹೇಳಿದನು. ಲತೆಗಳು ಮೈಗೆ ಹಬ್ಬುವಂತೆ ವರ್ಷವಿಡೀ ನಿಂತ ಬಾಹುಬಲಿಗೇ ಮನಸ್ಸಿನ ಒಂದು ಸಣ್ಣ ಮುಳ್ಳು ಕೀಳುವ ತನಕ ಕೇವಲಜ್ಞಾನ ತಡೆಯಿತೆಂಬ ಕಥೆ ಇಲ್ಲಿ ನೆನಪಿಗೆ ಬರುತ್ತದೆ.

ಈಗ ಅವನ ಸಂಜೆ ಬದಲಾಗಿದೆ. ಸೂರ್ಯಾಸ್ತಕ್ಕೆ ಮೊದಲು ಊಟವಾದ ಬಳಿಕ ಜಗಲಿಯಲ್ಲಿ ಕುಳಿತು ಕಾಲು ತೊಳೆಯುತ್ತಾನೆ. ಮೊಮ್ಮಗಳು ಅಂಗಾಲಿನ ಕೆಳಗೆ ಕನ್ನಡಿ ಹಿಡಿಯುತ್ತಾಳೆ. ಬೆರಳ ಸಂದುಗಳನ್ನು ತಾನೇ ಬಿಡಿಸಿ ನೋಡಿಕೊಳ್ಳುತ್ತಾನೆ. ಅನಂತರ ಅಂಗಡಿಯ ಲೆಕ್ಕ, ಆಮೇಲೆ ಪ್ರತಿಕ್ರಮಣ. ದೇಹದ, ವ್ಯವಹಾರದ, ಆತ್ಮದ ಲೆಕ್ಕಗಳನ್ನು ಒಂದೇ ಹೊತ್ತಿನಲ್ಲಿ ನೋಡಿ ಮುಗಿಸುತ್ತಾನೆ. ಉಪವಾಸದ ವಿಷಯದಲ್ಲಿ ವೈದ್ಯರ ಮಾತನ್ನು ಕೇಳಿ, ಗುರುಗಳಲ್ಲಿ ಅರಿಕೆ ಮಾಡಿ, ತನ್ನ ಶಕ್ತಿಗೆ ತಕ್ಕ ರಸತ್ಯಾಗದ ನಿಯಮವನ್ನು ಪಡೆದಿದ್ದಾನೆ. ಮನೆಯಲ್ಲಿ ನೀರು ಸೋಸುವ ಬಟ್ಟೆ ಮತ್ತೆ ಕಾಣಿಸಿಕೊಂಡಿದೆ. ಆ ಬಟ್ಟೆ ಏತಕ್ಕೆಂದು ಮೊಮ್ಮಗಳು ಕೇಳಿದಾಗ ಮುತ್ತಜ್ಜಿಯ ಮಾತನ್ನೇ ಹೇಳಿದನಂತೆ.

ಹಿರಿಯರ ಸ್ಮರಣೆಯೆಂದರೆ ಇದೇ. ಅವರ ಹೆಸರಿನ ಕಲ್ಲು ಹಾಕಿಸುವುದು ಒಳ್ಳೆಯದು. ಅವರ ಕೈ ಮಾಡುತ್ತಿದ್ದ ಒಂದು ಕೆಲಸವನ್ನು ತಪ್ಪದೆ ಮಾಡುವುದು ಅದಕ್ಕಿಂತ ಒಳ್ಳೆಯದು. ಈ ಉತ್ಸವದ ದಿನಗಳಲ್ಲಿ ಬರಿಗಾಲಲ್ಲಿ ಕಲ್ಲಿನ ಮೇಲೆ ಪ್ರದಕ್ಷಿಣೆ ಮಾಡುವ ಹಿರಿಯರು ಸಂಜೆ ತಮ್ಮ ಪಾದಗಳನ್ನೊಮ್ಮೆ ನೋಡಿಕೊಳ್ಳಲಿ. ಮನೆಯ ಮಕ್ಕಳು ಅವರಿಗೆ ದೀಪ ಹಿಡಿಯಲಿ. ಸ್ವಾಮಿಯ ಬಿಂಬಕ್ಕೆ ನೇತ್ರೋನ್ಮೀಲನ ಒಮ್ಮೆ ಆಗುತ್ತದೆ. ಶ್ರಾವಕನು ತನ್ನ ಕಣ್ಣನ್ನು ದಿನವೂ ತೆರೆಯಬೇಕಾಗಿದೆ.

ಸರ್ವ ಜೀವಿಗಳಿಗೂ ಮಂಗಳವಾಗಲಿ. ಜೈ ಜಿನೇಂದ್ರ.