ಬಡಿಸುವವ ನಮ್ಮವನಾದರೆ...

(ಬಿ.ಇಡಿ. ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಪಠ್ಯ)



ಬಡಿಸುವವ ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕುಳಿತರೂ ಚಿಂತೆಯಿಲ್ಲ ಎಂಬ ಮಾತನ್ನು ಕೇಳದ ಕನ್ನಡಿಗರು ಕಡಿಮೆ. ಊಟದ ಮನೆಯ ಈ ಮಾತು ಈಗ ಹೆಚ್ಚಾಗಿ ಕೇಳಿಬರುವುದು ನೌಕರಿಯ ವಿಷಯ ಬಂದಾಗ. ಮಾತಿನ ಧಾಟಿಯನ್ನು ಗಮನಿಸಿ. ಅದರಲ್ಲಿ ದೂರಿಲ್ಲ, ನಾಚಿಕೆಯೂ ಇಲ್ಲ. ಒಂದು ಬಗೆಯ ನೆಮ್ಮದಿ ಇದೆ. ಆ ನೆಮ್ಮದಿ ಬಡಿಸುವವನ ಬಂಧುವಿನದು. ಪಂಕ್ತಿಯ ನಡುವೆ ಕೂತು ಬರೀ ಎಲೆಯಿಂದ ಎದ್ದುಹೋದವನ ಪರವಾಗಿ ಇಷ್ಟೇ ಪ್ರಸಿದ್ಧವಾದ ಇನ್ನೊಂದು ಗಾದೆ ನಮ್ಮಲ್ಲಿ ಯಾಕೋ ಹುಟ್ಟಲಿಲ್ಲ.

ನಾವು ದಿನನಿತ್ಯ ಆಡುವ 'ವಶೀಲಿ' ಎಂಬ ಪದ ಅರಬ್ಬಿಯಿಂದ ಬಂದದ್ದು. ಅಲ್ಲಿ ಅದಕ್ಕೆ ಸಾಧನ, ಒಂದನ್ನು ತಲುಪುವ ದಾರಿ ಎಂದರ್ಥ. ಇಂಗ್ಲಿಷಿನ 'ನೆಪೊಟಿಸಂ' ಪದದ ಕಥೆ ಇನ್ನೂ ಸ್ವಾರಸ್ಯದ್ದು. ಇಟಲಿಯ ಭಾಷೆಯಲ್ಲಿ 'ನಿಪೋತೆ' ಎಂದರೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಮಗ. ಮಕ್ಕಳಿಲ್ಲದ ಪೋಪರು ಇಂಥ ಮಕ್ಕಳನ್ನೇ ಕಾರ್ಡಿನಲ್‌ಗಳನ್ನಾಗಿ ಮಾಡುತ್ತಿದ್ದರು. ಕೊನೆಗೆ 1692ರಲ್ಲಿ ಹನ್ನೆರಡನೆಯ ಇನೊಸೆಂಟ್ ಎಂಬ ಪೋಪ್ ಆಜ್ಞೆ ಹೊರಡಿಸಿ ಈ ಪದ್ಧತಿಗೆ ತಡೆ ಹಾಕಬೇಕಾಯಿತು. ಕಾಯಿಲೆ ಹಳೆಯದು, ಮದ್ದು ಹುಡುಕಿದ್ದೂ ಇಂದು ನಿನ್ನೆಯಲ್ಲ.

ಆದರೆ ಉಪಾಧ್ಯಾಯರ ನೇಮಕ ಮೊದಲಿನಿಂದಲೂ ಸಾರ್ವಜನಿಕ ಪ್ರಶ್ನೆಯಾಗಿರಲಿಲ್ಲ. ಕೂಲಿಮಠಗಳ ಕಾಲದಲ್ಲಿ ಅಯ್ಯನವರ ಸಂಬಳವೆಂದರೆ ಮಕ್ಕಳ ಮನೆಯವರು ಕೊಡುತ್ತಿದ್ದ ಧಾನ್ಯ ಮತ್ತು ಒಂದಿಷ್ಟು ಕಾಸು. ಅವರ ನಂತರ ಅವರ ಮಗನೇ ಜಗುಲಿಯ ಮೇಲೆ ಕೂತು ಮರಳಿನ ಮೇಲೆ ಅಕ್ಷರ ತೀಡಿಸಿದರೆ ಯಾರೂ ತಕರಾರು ಎತ್ತುವಂತಿರಲಿಲ್ಲ. ಇಷ್ಟವಿಲ್ಲದವರು ಮಗುವನ್ನು ಕಳಿಸದಿದ್ದರಾಯಿತು. ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಆರಂಭವಾಗಿ, ಸಂಬಳ ಖಜಾನೆಯಿಂದ ಬರತೊಡಗಿದ ಮೇಲೆ ಲೆಕ್ಕ ಬದಲಾಯಿತು. ಖಜಾನೆ ಎಲ್ಲರದು. ಹಾಗಾದರೆ ಅದರಿಂದ ಸಂಬಳ ಪಡೆಯುವ ಕೆಲಸಕ್ಕೆ ಅರ್ಜಿ ಹಾಕುವ ಹಕ್ಕೂ ಎಲ್ಲರದು ತಾನೇ?

ಈ ಪ್ರಶ್ನೆ ಮೈಸೂರಿನಲ್ಲಿ ಬಹುಬೇಗ ಎದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನಗಿರಿ ಒಪ್ಪಿಕೊಳ್ಳುವ ಮೊದಲು ಬಂಧುಗಳನ್ನೆಲ್ಲ ಕರೆದು, ಯಾರೂ ತಮ್ಮ ಬಳಿ ಶಿಫಾರಸಿಗೆ ಬರಕೂಡದೆಂದು ಮಾತು ಪಡೆದರೆಂಬ ಕಥೆ ಪ್ರಚಲಿತವಾಗಿದೆ. ಅವರ ಶಿಸ್ತನ್ನು ಬಲ್ಲವರು ಅದನ್ನು ನಂಬುತ್ತಾರೆ. ಅದೇ ಕಾಲದಲ್ಲಿ, ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಹೆಚ್ಚಿನವು ಒಂದೇ ಸಮುದಾಯದವರ ಕೈಯಲ್ಲಿವೆ ಎಂಬ ದೂರೂ ಬಲವಾಗಿತ್ತು. 1918ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧದಷ್ಟಾದರೂ, ಕೆಳದರ್ಜೆಯಲ್ಲಿ ಮೂರನೇ ಎರಡರಷ್ಟಾದರೂ ಹಿಂದುಳಿದವರಿಗೆ ಸಿಗಬೇಕೆಂದು ಅದು ಸೂಚಿಸಿತು. ದಿವಾನರಿಗೆ ಈ ಮಾರ್ಗ ಒಪ್ಪಿಗೆಯಾಗಲಿಲ್ಲ, ಅವರು ಹುದ್ದೆ ಬಿಟ್ಟರು. ಇಲ್ಲಿ ಸೂಕ್ಷ್ಮವೊಂದಿದೆ. ಬಡಿಸುವವನು ತನ್ನ ಸ್ವಂತ ನೆಂಟರಿಗೆ ಒಂದು ತುತ್ತನ್ನೂ ಹೆಚ್ಚು ಹಾಕದಿರಬಹುದು. ಆದರೆ ಪಂಕ್ತಿಯಲ್ಲಿ ಕೂರಲು ಬಂದವರೆಲ್ಲ ಒಂದೇ ಬೀದಿಯವರಾದರೆ ಅವನ ಪ್ರಾಮಾಣಿಕತೆಯೊಂದರಿಂದ ಹೊರಗೆ ನಿಂತವರ ಹೊಟ್ಟೆ ತುಂಬುವುದಿಲ್ಲ. ಮಿಲ್ಲರ್ ಸಮಿತಿಯ ಉತ್ತರ ಈ ಎರಡನೆಯ ಅನ್ಯಾಯಕ್ಕೆ. ಇಂದಿನ ಮಾತು ಮುಖ್ಯವಾಗಿ ಮೊದಲನೆಯದರ ಬಗ್ಗೆ, ಅಂದರೆ ಮನೆಯ ನಂಟಿನ ಬಗ್ಗೆ.

ನಮ್ಮ ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಜಾತಿ, ಧರ್ಮ, ಲಿಂಗಗಳ ಜೊತೆಗೆ 'ವಂಶ'ವನ್ನೂ ಹೆಸರಿಸಿ ತಾರತಮ್ಯ ಕೂಡದೆಂದಿದೆ. ಆಂಧ್ರದ ಹಳ್ಳಿಯೊಂದರ ಮುನ್ಸೀಫ್ ಹುದ್ದೆ ತಂದೆಯಿಂದ ಮಗನಿಗೇ ಹೋಗಬೇಕೆಂಬ ಹಳೆಯ ಮದ್ರಾಸ್ ಕಾನೂನನ್ನು 1960ರಲ್ಲಿ ಸುಪ್ರೀಂ ಕೋರ್ಟು ಇದೇ ಪದದ ಬಲದಿಂದ ತಳ್ಳಿಹಾಕಿತು. ನಮ್ಮ ರಾಜ್ಯದಲ್ಲಿ ಶಾನುಭೋಗ, ಪಟೇಲಿಕೆಗಳ ವಂಶಪಾರಂಪರ್ಯ 1961ರ ಕಾಯ್ದೆಯಿಂದ ಕೊನೆಗೊಂಡಿತು. ಬಾಗಿಲಿನಿಂದ ಬರುತ್ತಿದ್ದ ನೆಂಟಸ್ತಿಕೆ ಆಮೇಲೆ ಕಿಟಕಿಯಿಂದ ಬರತೊಡಗಿತು. ಆ ಕಿಟಕಿಯ ಹೆಸರು ಸಂದರ್ಶನ.

ಸಂದರ್ಶನ ಮಂಡಳಿಯಲ್ಲಿ ಯಾರು ಕೂರಬಹುದು? ಈ ಬಗ್ಗೆ ದೇಶಕ್ಕೆ ದಾರಿ ತೋರಿದ ತೀರ್ಪನ್ನು ಬರೆದವರು ಕನ್ನಡ ನಾಡಿನವರು ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಕಾರ್ಕಳ ತಾಲ್ಲೂಕಿನ ಕೌಡೂರಿನ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ, ಮುಂದೆ ಲೋಕಸಭೆಯ ಸ್ಪೀಕರ್ ಆದವರು. ಪ್ರಕರಣ ಶಿಕ್ಷಕರದ್ದಲ್ಲ, ಅರಣ್ಯಾಧಿಕಾರಿಗಳದ್ದು. ಜಮ್ಮು-ಕಾಶ್ಮೀರದಿಂದ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಅಲ್ಲಿನ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸದಸ್ಯರಾಗಿದ್ದರು. ಅವರೇ ಅಭ್ಯರ್ಥಿಯೂ ಆಗಿದ್ದರು! ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಎದ್ದು ಹೊರಗೆ ಹೋಗಿದ್ದರು. ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದರು, ಕೊನೆಯ ಪಟ್ಟಿ ತಯಾರಿಸುವಾಗಲೂ ಇದ್ದರು. ಪಟ್ಟಿಯ ತಲೆಯಲ್ಲಿ ಅವರದೇ ಹೆಸರಿತ್ತು. ಎ.ಕೆ. ಕ್ರೈಪಕ್ ಎಂಬ ಅಧಿಕಾರಿ ಮತ್ತು ಇತರರು ನ್ಯಾಯಾಲಯಕ್ಕೆ ಹೋದರು.

1969ರ ಈ ತೀರ್ಪಿನ ಹೂರಣ ಇಷ್ಟು: ಮಂಡಳಿಯವರು ಮನಸ್ಸಿನಲ್ಲಿ ನಿಜವಾಗಿ ಪಕ್ಷಪಾತ ಮಾಡಿದರೇ ಎಂದು ಸಾಬೀತು ಮಾಡುವ ಹೊರೆ ನೊಂದವನ ಮೇಲೆ ಇಲ್ಲ. ಮನುಷ್ಯನ ಒಳಮನಸ್ಸನ್ನು ಬಗೆದು ನೋಡಲು ಯಾರಿಂದಲೂ ಆಗದು. ಪಕ್ಷಪಾತಕ್ಕೆ ಸಹಜವಾದ ಅವಕಾಶ ಅಲ್ಲಿತ್ತೇ ಎಂದು ನೋಡಿದರೆ ಸಾಕು. ಆಯ್ಕೆ ರದ್ದಾಯಿತು.

ನೆಂಟಸ್ತಿಕೆಯ ಪ್ರಶ್ನೆ ನೇರವಾಗಿ ಬಂದದ್ದು 1985ರಲ್ಲಿ, ಹರಿಯಾಣ ಲೋಕಸೇವಾ ಆಯೋಗದ ಪ್ರಕರಣದಲ್ಲಿ. ಆಯ್ಕೆಯಾದವರಲ್ಲಿ ಕೆಲವರು ಸದಸ್ಯರ ಬಂಧುಗಳಾಗಿದ್ದರು. ಸಾಮಾನ್ಯ ಆಯ್ಕೆ ಸಮಿತಿಯಲ್ಲಿ ಬಂಧುವೊಬ್ಬ ಅಭ್ಯರ್ಥಿಯಾಗಿದ್ದರೆ ಆ ಸದಸ್ಯ ಇಡೀ ಆಯ್ಕೆಯಿಂದಲೇ ಹಿಂದೆ ಸರಿಯಬೇಕು, ಅವನ ಜಾಗಕ್ಕೆ ಬೇರೊಬ್ಬರನ್ನು ಹಾಕಬಹುದು ಎಂದಿತು ನ್ಯಾಯಾಲಯ. ಲೋಕಸೇವಾ ಆಯೋಗದಲ್ಲಿ ಹಾಗೆ ಬದಲಿ ಜನ ಸಿಗುವುದಿಲ್ಲವಾದ್ದರಿಂದ, ಬಂಧುವಿನ ಸಂದರ್ಶನ ನಡೆಯುವಾಗ ಎದ್ದುಹೋದರೆ ಸಾಕು. ಅವನ ಅರ್ಹತೆಯ ಚರ್ಚೆಯಲ್ಲಿ ಭಾಗವಹಿಸಕೂಡದು, ಅವನಿಗೆ ಬಿದ್ದ ಅಂಕಗಳೂ ಆ ಸದಸ್ಯನಿಗೆ ತಿಳಿಯಕೂಡದು. ಸಂದರ್ಶನಕ್ಕೆ ಇಟ್ಟಿದ್ದ ಶೇಕಡಾ 22.2ರಷ್ಟು ಅಂಕ ವಿಪರೀತವಾಯಿತು, ಅದು 12.2 ಮೀರಬಾರದು ಎಂದೂ ಹೇಳಿತು. ಬರೆದ ಪರೀಕ್ಷೆಯ ಉತ್ತರಪತ್ರಿಕೆ ಉಳಿದಿರುತ್ತದೆ, ಬಾಯಿಮಾತಿನ ಉತ್ತರ ಕೊಠಡಿಯಲ್ಲೇ ಕರಗಿಹೋಗುತ್ತದೆ. ಇದನ್ನು ತಿಳಿಯಲು ಕಾನೂನು ಓದಬೇಕಾಗಿಲ್ಲ.

ವಿಪರ್ಯಾಸವೆಂದರೆ, ಇಷ್ಟೆಲ್ಲ ಕೇಳಿಸಿಕೊಂಡ ಹರಿಯಾಣದಲ್ಲೇ 1999-2000ದಲ್ಲಿ 3,206 ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಸಂದರ್ಶನದ ಅಸಲಿ ಅಂಕಪಟ್ಟಿಗಳನ್ನು ಬದಿಗಿಟ್ಟು ಬೇರೆ ಪಟ್ಟಿಗಳನ್ನು ಸೃಷ್ಟಿಸಲಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಓಂಪ್ರಕಾಶ್ ಚೌತಾಲಾ ಮತ್ತು ಅವರ ಮಗನಿಗೆ 2013ರ ಜನವರಿಯಲ್ಲಿ 10 ವರ್ಷಗಳ ಶಿಕ್ಷೆಯಾಯಿತು.

ಪಶ್ಚಿಮ ಬಂಗಾಳದ ಕಥೆ ಇದಕ್ಕಿಂತ ಕರುಣಾಜನಕ. ಅಲ್ಲಿ 2016ರ ಶಿಕ್ಷಕರ ನೇಮಕಾತಿಯಲ್ಲಿ 77 ಅಂಕ ಪಡೆದಿದ್ದ ಅಭ್ಯರ್ಥಿಯನ್ನು ದಾಟಿ, 61 ಅಂಕದ ಸಚಿವರ ಮಗಳು ಪಟ್ಟಿಯ ಮೇಲ್ತುದಿಗೆ ಬಂದರು. 2022ರಲ್ಲಿ ಕಲ್ಕತ್ತಾ ಹೈಕೋರ್ಟು ಆ ನೇಮಕ ರದ್ದುಪಡಿಸಿ, ಪಡೆದ ಸಂಬಳವನ್ನೂ ಹಿಂತಿರುಗಿಸುವಂತೆ ಆಜ್ಞೆ ಮಾಡಿತು. ಕೆಲಸ ದೂರುದಾರಳಿಗೆ ಸಿಕ್ಕಿತು. ಮರುವರ್ಷ ಆಕೆಯ ಅಂಕಗಳ ಲೆಕ್ಕದಲ್ಲೂ ತಪ್ಪಿದೆಯೆಂದು ತಿಳಿದು ಅದು ಮೂರನೆಯವರ ಪಾಲಾಯಿತು. ಕೊನೆಗೆ 2025ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಆ ಸಾಲಿನ 25,000ಕ್ಕೂ ಹೆಚ್ಚು ಶಿಕ್ಷಕ ಹಾಗೂ ಸಿಬ್ಬಂದಿ ನೇಮಕಗಳನ್ನು ಒಟ್ಟಿಗೇ ರದ್ದು ಮಾಡಿತು. ದಾಖಲೆಗಳು ಎಷ್ಟು ಕೆಟ್ಟಿದ್ದವೆಂದರೆ ಕಾಳು-ಜೊಳ್ಳು ಬೇರ್ಪಡಿಸುವುದೇ ಸಾಧ್ಯವಾಗಲಿಲ್ಲ. ಯಾರ ನೆಂಟರೂ ಅಲ್ಲದ, ಓದಿ ಬರೆದು ಗೆದ್ದು ವರ್ಷಗಟ್ಟಲೆ ಪಾಠ ಮಾಡಿದ ಸಾವಿರಾರು ಮಂದಿಯ ಅನ್ನವೂ ಅದರೊಂದಿಗೆ ಹೋಯಿತು. ವಶೀಲಿಯಿಂದ ನಷ್ಟವಾಗುವುದು ಕೆಲಸ ಸಿಗದ ಒಬ್ಬನಿಗೆ ಮಾತ್ರ ಎಂದು ತಿಳಿದವರು ಇದನ್ನು ನೋಡಬೇಕು.

ನಮ್ಮಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಶೃಂಗೇರಿ ಕ್ಷೇತ್ರದ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ಸುಮಾರು 1 ಲಕ್ಷ ಶಿಕ್ಷಕರು ಅಂಕಗಳ ಆಧಾರದ ಮೇಲೆ ನೇಮಕವಾದರು. 2016ರಲ್ಲಿ ಅವರು ತೀರಿಕೊಂಡಾಗ ಮೊದಲು ನೆನಪಾದದ್ದು ಇದೇ. ಒಬ್ಬ ಸಚಿವ ಕಾನೂನು ಹೇಳಿದಂತೆ ನಡೆದದ್ದೇ ದೊಡ್ಡ ಸಾಧನೆಯಾಗಿ ಉಳಿಯುತ್ತದೆ ಎಂದರೆ ಅದು ಅವರ ಹಿರಿಮೆಯೂ ಹೌದು, ಉಳಿದವರ ಬಗ್ಗೆ ಒಂದು ಟೀಕೆಯೂ ಹೌದು.

ಹಾಗಾದರೆ ಒಳಗಿದ್ದವರ ಬಂಧುಗಳು ಅರ್ಜಿಯನ್ನೇ ಹಾಕಬಾರದೆಂದು ನಿಯಮ ಮಾಡಿದರೆ ಮುಗಿಯಿತಲ್ಲ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಇದೂ ಹೊಸ ಆಲೋಚನೆಯಲ್ಲ. ತಮಿಳುನಾಡಿನ ಉತ್ತರಮೇರೂರಿನ ಹತ್ತನೆಯ ಶತಮಾನದ ಚೋಳ ಶಾಸನಗಳಲ್ಲಿ, ಲೆಕ್ಕ ಒಪ್ಪಿಸದ ಸಮಿತಿ ಸದಸ್ಯರು ಮಾತ್ರವಲ್ಲ, ಅವರ ಹತ್ತಿರದ ಬಂಧುಗಳೂ ಸಮಿತಿಗೆ ಬರುವಂತಿಲ್ಲ ಎಂದು ಸಂಬಂಧಗಳನ್ನು ಒಂದೊಂದಾಗಿ ಎಣಿಸಿ ಬರೆದಿದ್ದಾರೆ. ಇಟಲಿಯಲ್ಲಿ ವಿಶ್ವವಿದ್ಯಾಲಯಗಳು ಕೆಲವೇ ಮನೆತನಗಳ ಸೊತ್ತಾಗುತ್ತಿವೆ ಎಂಬ ಗದ್ದಲವೆದ್ದು, 2010ರ ಕಾನೂನು ಅದೇ ವಿಭಾಗದ ಪ್ರಾಧ್ಯಾಪಕರ ಅಥವಾ ಕುಲಪತಿಯ ನಾಲ್ಕನೇ ಹಂತದವರೆಗಿನ ಬಂಧುಗಳಿಗೆ ಬಾಗಿಲು ಮುಚ್ಚಿತು.

ಆದರೆ ಬಾಗಿಲು ಮುಚ್ಚುವವರು ಅಮೆರಿಕದ ಅನುಭವವನ್ನು ಮರೆಯಬಾರದು. ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಗಂಡ-ಹೆಂಡತಿ ಇಬ್ಬರೂ ಬೋಧಕರಾಗಿರಬಾರದೆಂಬ ಕಟ್ಟುಪಾಡಿತ್ತು. ಉದ್ದೇಶ ಸ್ವಜನಪಕ್ಷಪಾತ ತಡೆಯುವುದೇ. ನಡೆದದ್ದು ಏನು? ಭೌತವಿಜ್ಞಾನಿ ಮರಿಯಾ ಗೊಪರ್ಟ್ ಮೇಯರ್ ಅವರ ಪತಿ ಪ್ರಾಧ್ಯಾಪಕರಾಗಿದ್ದರು. ಆಕೆ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸರಿಯಾದ ಹುದ್ದೆಯಿಲ್ಲದೆ ಸಂಶೋಧನೆ ಮಾಡಿದರು, ಚಿಕಾಗೊದಲ್ಲಿ ಸಂಬಳವಿಲ್ಲದ ಪ್ರಾಧ್ಯಾಪಕಿಯಾದರು. ಪರಮಾಣುವಿನ ಬೀಜಕೇಂದ್ರದ ರಚನೆಯ ಬಗ್ಗೆ ಅವರು ಮಂಡಿಸಿದ ಸಿದ್ಧಾಂತ ಆ ದಿನಗಳದ್ದೇ. ಪೂರ್ಣ ಸಂಬಳದ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1960ರಲ್ಲಿ, ಐವತ್ತು ದಾಟಿದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ. ಮೂರೇ ವರ್ಷಕ್ಕೆ ನೊಬೆಲ್ ಬಂತು. ಜೀವರಸಾಯನ ವಿಜ್ಞಾನಿ ಗರ್ಟಿ ಕೋರಿ ಅವರದೂ ಇಂಥದೇ ಕಥೆ. ಗಂಡನೊಡನೆ ಒಂದೇ ಪ್ರಯೋಗಾಲಯದಲ್ಲಿ ದುಡಿದರೂ ಅವರಿಗೆ ಪ್ರಾಧ್ಯಾಪಕ ಪದವಿ ಸಿಕ್ಕಿದ್ದು 1947ರಲ್ಲಿ, ಇಬ್ಬರಿಗೂ ನೊಬೆಲ್ ಬಂದ ವರ್ಷ. ನಿಯಮದಲ್ಲಿ ಹೆಂಡತಿ ಎಂದು ಬರೆದಿರದಿದ್ದರೂ ಹೊರಗುಳಿದವಳು ಸಾಮಾನ್ಯವಾಗಿ ಹೆಂಡತಿಯೇ.

1971ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ ಈ ಕಟ್ಟುಪಾಡು ಹೋಗಬೇಕೆಂದಿತು. ಅದರ ಜೊತೆಗೇ, ತನ್ನ ಮನೆಯವರ ನೇಮಕ, ಬಡ್ತಿ, ಸಂಬಳದ ತೀರ್ಮಾನದಲ್ಲಿ ಯಾವ ಅಧ್ಯಾಪಕನೂ ಕೈಹಾಕಬಾರದೆಂದೂ ಹೇಳಿತು. ಹರಿಯಾಣದ ತೀರ್ಪು ಬಂದು ನಿಂತದ್ದೂ ಇದೇ ಜಾಗಕ್ಕೆ. ಎದ್ದುಹೋಗಬೇಕಾದವನು ಸೌಟು ಹಿಡಿದವನು, ಎಲೆಯ ಮುಂದೆ ಕೂತವನಲ್ಲ. ಮೇಷ್ಟರ ಮಗಳು ಮೇಷ್ಟರಾಗಲು ಬಯಸುವುದು ಅಪರಾಧವಲ್ಲ, ಮನೆಯ ತುಂಬ ಪುಸ್ತಕವಿದ್ದ ಕೂಸು ಚೆನ್ನಾಗಿ ಓದಿದ್ದೂ ಅಪರಾಧವಲ್ಲ.

ಇಷ್ಟಾದರೂ ಕಾಲೇಜು, ವಿಶ್ವವಿದ್ಯಾಲಯಗಳ ನೇಮಕಾತಿಯಲ್ಲಿ ಗಂಟು ಬಿಗಿಯಾಗಿಯೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳ ಪ್ರಕಾರ ಸಹಾಯಕ ಪ್ರಾಧ್ಯಾಪಕರ ನೇಮಕದಲ್ಲಿ ಅಂಕಗಳು ಸಂದರ್ಶನಕ್ಕೆ ಕರೆಯಲು ಮಾತ್ರ, ಆಯ್ಕೆ ಸಂದರ್ಶನದ ಮೇಲೆಯೇ. ಕೇರಳದ ಕಣ್ಣೂರು ವಿಶ್ವವಿದ್ಯಾಲಯದಲ್ಲಿ 2021ರಲ್ಲಿ ಮಲಯಾಳಂ ಸಹ ಪ್ರಾಧ್ಯಾಪಕ ಹುದ್ದೆಗೆ ಮುಖ್ಯಮಂತ್ರಿಯವರ ಆಪ್ತ ಕಾರ್ಯದರ್ಶಿಯ ಪತ್ನಿ ಮೊದಲ ಸ್ಥಾನ ಪಡೆದರು. ಅವರ ಸಂಶೋಧನಾ ಅಂಕ 156, ಎರಡನೆಯವರದು 651. ಸಂದರ್ಶನದಲ್ಲಿ ಮಾತ್ರ 32 ಮತ್ತು 30. ಸಂಶೋಧನಾ ಅಂಕಗಳು ಅಭ್ಯರ್ಥಿಗಳು ತಾವೇ ನಮೂದಿಸಿದವು, ಪರಿಶೀಲಿಸಿದವಲ್ಲ ಎಂಬ ಸಮರ್ಥನೆ ಬಂತು. 2022ರ ನವೆಂಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಬೋಧನಾ ಅನುಭವ ಸಾಲದೆಂದಿತು, 2023ರ ಜೂನ್‌ನಲ್ಲಿ ವಿಭಾಗೀಯ ಪೀಠ ಸಾಕೆಂದಿತು, ಆಮೇಲೆ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಹೈಕೋರ್ಟಿನಲ್ಲಿ ವಾದ ನಡೆದದ್ದು ಅನುಭವದ ವರ್ಷಗಳ ಬಗ್ಗೆ. ಊರಿನವರು ಮಾತನಾಡಿದ್ದು ಗಂಡನ ಬಗ್ಗೆ. ಆಕೆ ನಿಜವಾಗಿ ಅರ್ಹರಾಗಿದ್ದರೂ ಆ ಮಾತು ಬೆನ್ನು ಬಿಡುವುದಿಲ್ಲ.

ನ್ಯಾಯಾಲಯವೇ ವಿದ್ವತ್ತನ್ನು ಅಳೆಯಲಿ ಎಂದರೆ ಅದೂ ಆಗದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಇಂಗ್ಲಿಷ್ ರೀಡರ್ ನೇಮಕವನ್ನು ಮೈಸೂರು ಹೈಕೋರ್ಟು ರದ್ದು ಮಾಡಿದ್ದಾಗ, 1963ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ತಜ್ಞರು ಕೂತು ಮಾಡಿದ ತೀರ್ಮಾನದಲ್ಲಿ ನ್ಯಾಯಾಲಯಗಳು ಸುಲಭವಾಗಿ ತಲೆಹಾಕಬಾರದೆಂದಿತು. ಅಂದಮೇಲೆ ಎಲ್ಲ ಭಾರವೂ ಆ ತಜ್ಞರು ಯಾರು ಎಂಬುದರ ಮೇಲೆಯೇ ಬೀಳುತ್ತದೆ.

ಅಲ್ಲಿಗೆ ರಕ್ತಸಂಬಂಧವಲ್ಲದ ಇನ್ನೊಂದು ಸಂಬಂಧ ಬಂದು ನಿಲ್ಲುತ್ತದೆ. ಪಿಎಚ್.ಡಿ. ಮಾರ್ಗದರ್ಶಕರೇ ವಿಷಯತಜ್ಞರಾಗಿ ಕೂತು ತಮ್ಮ ಶಿಷ್ಯನನ್ನು ಪ್ರಶ್ನೆ ಕೇಳುವುದನ್ನು ನಮ್ಮಲ್ಲಿ ಯಾರೂ ವಶೀಲಿ ಎಂದು ಕರೆಯುವುದಿಲ್ಲ, ಗುರುವಿನ ಆಶೀರ್ವಾದ ಎನ್ನುತ್ತಾರೆ. ಐದು ವರ್ಷ ಒಟ್ಟಿಗೆ ಕೂತು ಪ್ರಬಂಧ ತಿದ್ದಿದವರ ಮನಸ್ಸು, ಮೂರು ಮದುವೆಗಳಲ್ಲಿ ಮುಖ ನೋಡಿದ ದೂರದ ಸೋದರತ್ತೆಯ ಮಗನ ಕಡೆಗಿಂತ ಹೆಚ್ಚು ವಾಲುವುದಿಲ್ಲವೇ? ಮುಂದೆ ನೀವು ಆ ಮೇಜಿನ ಈಚೆ ಕೂರುವಿರಿ, ಕೆಲವರು ಆಚೆಯೂ ಕೂರುವಿರಿ. ಬಂದಿರುವ ಅಭ್ಯರ್ಥಿ ತಮಗೆ ಏನಾಗಬೇಕು ಎಂದು ಯಾರಾದರೂ ಕೇಳಿದಾಗ, ನನ್ನ ವಿದ್ಯಾರ್ಥಿ ಎಂದು ಹೇಳಿ ಕುರ್ಚಿ ಹಿಂದಕ್ಕೆ ಸರಿಸಿ ಹೊರಗೆ ಹೋಗುವುದು ಕಷ್ಟದ ಕೆಲಸ; ಬಾಗಿಲಾಚೆಯ ಬೆಂಚಿನ ಮೇಲೆ ಆಗ ಆ ಶಿಷ್ಯನೂ ಕೂತಿರುತ್ತಾನೆ, ಅವನ ಪಕ್ಕದಲ್ಲಿ ಯಾರ ಶಿಷ್ಯನೂ ಅಲ್ಲದವನೊಬ್ಬ ಕೂತಿರುತ್ತಾನೆ.