ಬೇಲಿ ಹೊಲ ಮೇಯ್ದಂತೆ

ಬೇನೆ ಬಂದಾಗ ಮನುಷ್ಯನು ಮದ್ದಿಗಿಂತ ಮೊದಲು ಹೋಲಿಕೆಯೊಂದನ್ನು ಹುಡುಕುತ್ತಾನೆ. ನಡುವನ್ನು ಬಳಸಿ ಏಳುವ ಬೊಕ್ಕೆಗಳನ್ನು ನಮ್ಮವರು ಸರ್ಪಸುತ್ತು ಎಂದರು. ಸಿಡುಬನ್ನು ಅಮ್ಮ ಎಂದರು.

ಲೂಪಸ್ ಎಂಬ ರೋಗದ ಹೆಸರೂ ಅಂತಹುದೇ. ಲ್ಯಾಟಿನ್ ಭಾಷೆಯಲ್ಲಿ ಲೂಪಸ್ ಎಂದರೆ ತೋಳ. ತೋಳ ಕಚ್ಚಿದಂತೆ ಕಾಣುತ್ತಿದ್ದ ಮುಖದ ಹುಣ್ಣುಗಳಿಗೆ ಯುರೋಪಿನ ಹಳೆಯ ವೈದ್ಯರು ಆ ಹೆಸರಿಟ್ಟರು. ಮೂಗಿನಿಂದ ಕೆನ್ನೆಗಳವರೆಗೆ ಹರಡುವ ಕೆಂಪನ್ನು ಇಂದಿನ ವೈದ್ಯರು ಚಿಟ್ಟೆಗೆ ಹೋಲಿಸುತ್ತಾರೆ. ಒಂದೇ ರೋಗಕ್ಕೆ ತೋಳವೂ ಚಿಟ್ಟೆಯೂ! ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯು ತನ್ನದನ್ನೇ ಪರರದೆಂದು ಬಗೆದು ಚರ್ಮ, ಕೀಲು, ಮೂತ್ರಪಿಂಡಗಳ ಮೇಲೆ ಎರಗುವುದೇ ಇದರ ಬಗೆ. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೆಂಗಸರು. ಇದು ಅಂಟುರೋಗವಲ್ಲ.

ಯರಗೇರಾದಲ್ಲಿ ನನ್ನ ಬಳಿ ಓದಿದ ಹುಡುಗಿಯೊಬ್ಬಳಿಗೆ ಮದುವೆಯಾದ ಮೇಲೆ ಈ ರೋಗ ತೋರಿತು. ಹತ್ತಿ ಬಿಡಿಸಲು ಹೋದವಳು ಬಿಸಿಲಿಗೆ ಮುಖ ಕೆಂಪೇರಿ, ಬೆರಳು ಮಡಚಲಾರದೆ ಮರಳುವಳು. ಮೈಗಳ್ಳಿ ಎಂದರು ಕೆಲವರು. ನಾಗದೋಷ ಎಂದರು ಹಲವರು. ಆ ಮಾತನ್ನು ನಂಬಿ ಮನೆಯವರು ಗುಳಿಗೆ ನಿಲ್ಲಿಸಿದರು. ಕಾಲು ಬಾತು ಆಸ್ಪತ್ರೆ ಸೇರಿದಳು.

ನೋಡಲು ಹೋದಾಗ, "ನನ್ನ ಮೈನ ನನಗ ವೈರಿ ಆಗ್ಯಾದ್ರಿ ಸರ" ಎಂದು ಅತ್ತಳು. ಬೇರೆ ಮಾತು ತೋಚದೆ, "ಬೇಲಿ ಹೊಲ ಮೇಯ್ದಂತಾಯಿತಲ್ಲ ತಾಯಿ" ಎಂದೆ. ಅವಳು ಕಣ್ಣೊರೆಸಿಕೊಂಡು ತುಸು ಯೋಚಿಸಿದಳು. "ಹಂಗಾದ್ರ ಬೇಲಿ ಕಿತ್ತು ಒಗ್ಯಾಕ ಬರಂಗಿಲ್ಲಲ್ರಿ. ಬೇಲಿ ಹೋದ್ರ ಊರ ದನ ಎಲ್ಲಾ ನುಗ್ತಾವ" ಎಂದಳು. ವೈದ್ಯಶಾಸ್ತ್ರ ಹೇಳುವುದೂ ಅದನ್ನೇ: ಆ ಶಕ್ತಿಯನ್ನು ಔಷಧದಿಂದ ಹದ್ದಿನಲ್ಲಿಡಬೇಕು, ತೀರ ಅಡಗಿಸಿದರೆ ಬೇರೆ ಸೋಂಕುಗಳು ನುಗ್ಗುತ್ತವೆ.

ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ರೋಗವನ್ನು ರೂಪಕಗಳಿಂದ ಬಿಡಿಸಿ ನೋಡಬೇಕೆಂದು 1978ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ನಮ್ಮ ಅಲಂಕಾರಶಾಸ್ತ್ರ ಇಲ್ಲಿ ಒಂದು ನಡುದಾರಿಯನ್ನು ತೋರುತ್ತದೆ. ಉಪಮೆಯಲ್ಲಿ 'ಅಂತೆ' ಎಂಬ ವಾಚಕ ಉಳಿದಿರುತ್ತದೆ. ರೂಪಕದಲ್ಲಿ ಅದು ಅಳಿದು, ಎರಡೂ ಒಂದೇ ಆಗುತ್ತವೆ. ಕಾವ್ಯಕ್ಕೆ ಆ ಅಭೇದ ಸೊಗಸು; ರೋಗಿಗೆ ಅಪಾಯ. ಮೈ ವೈರಿಯಂತೆ ಆಗಿದೆ ಎಂದವಳು ಅದನ್ನು ಒಲಿಸಿಕೊಂಡಾಳು. ಮೈ ವೈರಿಯೇ ಎಂದವಳು ಅದಕ್ಕೆ ಮದ್ದನ್ನೇಕೆ ಉಣಿಸಿಯಾಳು?

ಈಗ ಅವಳು ಗುಳಿಗೆ ತಪ್ಪಿಸುವುದಿಲ್ಲ. ನಡುಹಗಲಿನ ಬಿಸಿಲಿಗೆ ಹೊಲಕ್ಕಿಳಿಯುವುದಿಲ್ಲ. ನಿಮ್ಮ ನೆರೆಯಲ್ಲಿ ಇಂತಹವರಿದ್ದರೆ ದೋಷ, ಶಾಪ ಎಂಬ ನಿಮ್ಮ ಹೋಲಿಕೆಯನ್ನು ಅವರ ಮೇಲೆ ಹೊರಿಸಬೇಡಿ. ಅವರದನ್ನು ಕೇಳಿ. ಕೇಳುವಾಗ, ಆ 'ಅಂತೆ' ಎಂಬ ಎರಡಕ್ಷರ ಉಳಿದಿದೆಯೇ ಎಂದು ನೋಡಿಕೊಳ್ಳಿ.