ಬೈಕ್ ಹಿಂದೆ ಪುಟ್ಟ ಟ್ರೇಲರ್: ಎಳೆಯೋದು ಸರಿ, ನಿಲ್ಲಿಸೋದು ಹೇಗೆ?

ಬೆಳಗಿನ ಜಾವ ವಿಜಯನಗರದ ಕಡೆ ಓಡಾಡಿದವರಿಗೆ ಗೊತ್ತಿರುತ್ತೆ. ಮಾರ್ಕೆಟ್‌ನಿಂದ ತರಕಾರಿ ತರೋ ಟಿವಿಎಸ್ ಎಕ್ಸ್‌ಎಲ್ ಮೇಲೆ ಮೂಟೆಗಳಷ್ಟೇ ಕಾಣೋದು, ಓಡಿಸೋರು ಎಲ್ಲೋ ಮಧ್ಯೆ ಇರ್ತಾರೆ. ಅಂಥವರಿಗೆ, ಹೊಸದಾಗಿ ತಿಂಡಿ ಗಾಡಿ ಶುರು ಮಾಡೋ ಹುಡುಗರಿಗೆ ಒಂದು ಯೋಚನೆ ಬಂದೇ ಬರುತ್ತೆ: ಹಿಂದೆ ಎರಡು ಚಕ್ರದ ಚಿಕ್ಕ ಟ್ರೇಲರ್ ಕಟ್ಟಿಬಿಟ್ರೆ? ದಿನಾ ಲಗೇಜ್ ಆಟೋ ಬಾಡಿಗೆ ಉಳಿಯುತ್ತಲ್ವಾ? ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಯಲ್ಲಿ ವೆಲ್ಡಿಂಗ್ ಶಾಪ್‌ಗಳಿಗೇನು ಬರವೇ?

ವೆಲ್ಡಿಂಗ್ ದೊಡ್ಡ ವಿಷಯ ಅಲ್ಲ. ವಿಷಯ ಇರೋದು ಬ್ರೇಕ್‌ನಲ್ಲಿ. ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇಲ್ಲ ಅಂದ್ರೆ ಅದರ ಭಾರವನ್ನೂ ಬೈಕೇ ನಿಲ್ಲಿಸಬೇಕು. ವೃಷಭಾವತಿ ಕಣಿವೆಯತ್ತ ಇಳಿಯೋ ರಸ್ತೆಯಲ್ಲಿ ಬರ್ತಿದ್ದೀರಿ, ಎದುರಿಗೆ ಬಸ್ ನಿಂತಿತು ಅಂದ್ಕೊಳ್ಳಿ. ನೀವು ಬ್ರೇಕ್ ಹಿಡಿದ್ರಿ, ಹಿಂದಿನ ಗಾಡಿ ಇನ್ನೂ ಮುಂದೆ ತಳ್ತಾ ಇದೆ. ನೇರ ಇದ್ರೆ ಹೇಗೋ ನಿಲ್ಲಬಹುದು. ತಿರುವಿನಲ್ಲಾದ್ರೆ ಹಿಂದಿನ ಚಕ್ರವನ್ನ ಪಕ್ಕಕ್ಕೆ ನೂಕುತ್ತೆ, ಬೈಕ್ ಮಡಚಿಕೊಂಡು ಬೀಳುತ್ತೆ.

ಇನ್ನೊಂದು, ಬೈಕ್ ತಿರುಗೋವಾಗ ವಾಲುತ್ತೆ, ಟ್ರೇಲರ್ ವಾಲಲ್ಲ. ಹಾಗಾಗಿ ಕೊಂಡಿ ಎಲ್ಲಾ ಕಡೆಗೂ ಹೊರಳಬೇಕು. ಭಾರ ಜೋಡಿಸೋದೂ ಅಷ್ಟೇ ಮುಖ್ಯ: ಅಚ್ಚಿನಿಂದ ಹಿಂದಕ್ಕೆ ಜಾಸ್ತಿ ಹಾಕಿದ್ರೆ ಕೊಂಡಿ ಮೇಲೆದ್ದು ಬೈಕಿನ ಹಿಂದಿನ ಚಕ್ರದ ಹಿಡಿತ ಕಮ್ಮಿ ಆಗುತ್ತೆ, ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡುತ್ತೆ. ಆಮೇಲೆ ನಮ್ಮ ಹಂಪ್‌ಗಳು ಬೇರೆ!

ಬ್ರಿಟನ್‌ನಲ್ಲಿ ಇದಕ್ಕೆ ಸ್ಪಷ್ಟ ನಿಯಮ ಇದೆ. ಎಂಜಿನ್ 125 ಸಿಸಿಗಿಂತ ದೊಡ್ಡದಿರಬೇಕು. ಲೋಡ್ ಸೇರಿ ಟ್ರೇಲರ್ ತೂಕ 150 ಕೆಜಿ ಅಥವಾ ಬೈಕ್ ತೂಕದ ಮೂರರಲ್ಲಿ ಎರಡು ಭಾಗ, ಯಾವುದು ಕಮ್ಮಿಯೋ ಅದನ್ನ ಮೀರಬಾರದು. ಲೆಕ್ಕ ಹಾಕಿ: 120 ಕೆಜಿ ಬೈಕ್‌ಗೆ 80 ಕೆಜಿ. ಕಬ್ಬಿಣದ ಟ್ರೇಲರೇ 40 ಕೆಜಿ ಇದ್ರೆ ಉಳಿಯೋದು 40, ಅಂದ್ರೆ ಎರಡು ನೀರಿನ ಕ್ಯಾನ್. ಅಷ್ಟನ್ನ ಎಕ್ಸ್‌ಎಲ್ ಕಾಲಿಡೋ ಜಾಗದಲ್ಲೇ ತರುತ್ತೆ ಸ್ವಾಮಿ!

ಇನ್ನು ನಮ್ಮ ಕಾನೂನು. 1988ರ ಮೋಟಾರು ವಾಹನ ಕಾಯ್ದೆ ಸೈಡ್‌ಕಾರನ್ನ ಮೋಟಾರ್‌ಸೈಕಲ್‌ನ ಭಾಗ ಅನ್ನುತ್ತೆ, ಟ್ರೇಲರನ್ನ ಹಾಗನ್ನಲ್ಲ. ಎಂಜಿನ್ ಇಲ್ಲದಿದ್ರೂ ಟ್ರೇಲರ್ ಬೇರೆಯದೇ ಮೋಟಾರು ವಾಹನ, ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಟ್ರಾಕ್ಟರ್ ಹಿಂದಿನ ಟ್ರೇಲರ್‌ಗೆ ಬೇರೆ ನಂಬರ್ ಇರೋದು ನೋಡಿದ್ದೀರಲ್ಲ? ಬೀದಿ ಶಾಪ್‌ನಲ್ಲಿ ಮಾಡಿಸಿದ್ದಕ್ಕೆ ಆ ನಂಬರ್ ಎಲ್ಲಿಂದ ತರ್ತೀರಿ? ಆರ್‌ಸಿಯಲ್ಲಿರೋ ವಿವರಕ್ಕೆ ಹೊಂದದ ಹಾಗೆ ಬೈಕನ್ನ ಮಾರ್ಪಡಿಸೋದನ್ನ ಸೆಕ್ಷನ್ 52 ತಡೆಯುತ್ತೆ. 2019ರ ತಿದ್ದುಪಡಿ ಪ್ರಕಾರ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ಹೇಗೋ ಕಟ್ಟಬಹುದು. ಯಾರಿಗಾದ್ರೂ ಗುದ್ದಿ, ಇನ್ಶೂರೆನ್ಸ್‌ನವರು ತಕರಾರು ತೆಗೆದ್ರೆ, ವ್ಯಾಪಾರದ ಜೊತೆ ಮನೆಯೂ ಮುಳುಗುತ್ತೆ.

ಹಾಗಾದ್ರೆ ದಾರಿ? 2020ರಲ್ಲಿ ಕೇಂದ್ರ ಸರ್ಕಾರ ಬೈಕ್ ಮೇಲಿನ ಹಗುರ ಪೆಟ್ಟಿಗೆಗೆ ಅಳತೆ ಕೊಟ್ಟಿದೆ: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು. ಹಿಂದಿನ ಸೀಟಿನ ಜಾಗದಲ್ಲಿ ಪೆಟ್ಟಿಗೆ ಇಟ್ರೆ ಇನ್ನೊಬ್ಬರನ್ನ ಕೂರಿಸೋ ಹಾಗಿಲ್ಲ. ತಿಂಡಿ ಪಾರ್ಸೆಲ್‌ಗೆ ಇದು ಸಾಕು. ತರಕಾರಿಗೆ ಸಾಕಾಗಲ್ಲ, ನಿಜ. ಅದಕ್ಕೆ ನಾಲ್ಕು ಜನ ವ್ಯಾಪಾರಿಗಳು ಸೇರಿ ಒಂದು ಲಗೇಜ್ ಆಟೋ ಹಿಡಿದು ಬಾಡಿಗೆ ಹಂಚಿಕೊಳ್ಳೋದೇ ಸದ್ಯಕ್ಕೆ ನನಗೆ ಕಾಣೋ ದಾರಿ. ನಿಮ್ಮ ಏರಿಯಾದಲ್ಲಿ ಹೀಗೆ ಮಾಡ್ತಿರೋರು ಇದ್ರೆ, ಬಾಡಿಗೆ ಹೇಗೆ ಹಂಚ್ಕೋತಾರೆ ಅಂತ ಕೇಳಿ, ನಮಗೂ ಒಂದು ವಾಯ್ಸ್ ನೋಟ್ ಕಳಿಸಿ.